ಮೂವತ್ತೆರಡರ ಹೊತ್ತಿಗೆ ವ್ಯಾಪಾರ ಬಿಟ್ಟ ರತ್ನಪಡಿ ವ್ಯಾಪಾರಿ: ಶ್ರೀಮದ್ ರಾಜಚಂದ್ರ

ಶ್ರೀಮದ್ ರಾಜಚಂದ್ರರ ಹೆಸರು ಕರ್ನಾಟಕದ ಜೈನ ಮನೆಗಳಿಗೆ ಹೆಚ್ಚಾಗಿ ಎರಡು ದಾರಿಯಿಂದ ಬಂದಿದೆ. ಒಂದು, ಹಂಪಿಯ ರತ್ನಕೂಟದಲ್ಲಿ ಸಹಜಾನಂದಘನ ಮಹಾರಾಜರು 1961ರಲ್ಲಿ ಸ್ಥಾಪಿಸಿದ ಆಶ್ರಮ. ಇನ್ನೊಂದು, ಮಹಾತ್ಮ ಗಾಂಧಿಯವರ ಆತ್ಮಕಥೆ. ಅದರಲ್ಲಿ ರಾಯಚಂದಭಾಯಿ ಎಂದು ಅವರ ಹೆಸರಿನದೇ ಒಂದು ಅಧ್ಯಾಯವಿದೆ. ಎರಡು ಕಡೆಯೂ ಜನರ ಗಮನ ಹೋಗುವುದು ಅವರ ಆತ್ಮಸಾಧನೆಯ ಕಡೆಗೆ. ಆದರೆ ಅವರು ಹತ್ತು ವರ್ಷ ಮುಂಬೈಯಲ್ಲಿ ಮುತ್ತು ವಜ್ರಗಳ ವ್ಯಾಪಾರ ಮಾಡಿದವರು, ಹೆಂಡತಿ ಮಕ್ಕಳಿದ್ದ ಶ್ರಾವಕರು, ವ್ಯಾಪಾರ ಚೆನ್ನಾಗಿ ನಡೆಯುತ್ತಿರುವಾಗಲೇ ಅದರಿಂದ ಹೊರಬಂದವರು. ನಲವತ್ತಕ್ಕೆಲ್ಲ ಸಾಕಷ್ಟು ಗಳಿಸಿ ಕೆಲಸ ಬಿಡಬೇಕು ಎಂದು ಲೆಕ್ಕ ಹಾಕುವ ಮಕ್ಕಳು ಈಗ ಮನೆಮನೆಯಲ್ಲೂ ಇರುವುದರಿಂದ ಅವರ ಜೀವನದ ಈ ಭಾಗವನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಸೌರಾಷ್ಟ್ರದ ಮೋರ್ಬಿ ಬಳಿಯ ವವಾಣಿಯಾ ಎಂಬ ಬಂದರು ಊರಿನಲ್ಲಿ 1867ರ ನವೆಂಬರ್ 9ರಂದು, ಕಾರ್ತಿಕ ಹುಣ್ಣಿಮೆಯ ದಿನ ಅವರು ಜನಿಸಿದರು. ತಂದೆ ರಾವಜಿಭಾಯಿ ಮೆಹ್ತಾ, ತಾಯಿ ದೇವಬಾಯಿ. ಅಜ್ಜ ಕೃಷ್ಣಭಕ್ತರು, ತಾಯಿ ಜೈನ ಸಂಸ್ಕಾರದವರು. ಏಳು ವರ್ಷದ ಶಾಲೆಯ ಪಾಠವನ್ನು ಹುಡುಗ ಎರಡೇ ವರ್ಷದಲ್ಲಿ ಮುಗಿಸಿದ. ಹದಿಮೂರರ ಹೊತ್ತಿಗೆ ತಂದೆಯ ಅಂಗಡಿಯಲ್ಲಿ ಕುಳಿತ. ಆ ಅಂಗಡಿಯಲ್ಲಿ ಒಬ್ಬರಿಗೂ ಹೆಚ್ಚು ಕಡಿಮೆ ದರ ಹೇಳಲಿಲ್ಲ, ಯಾರಿಗೂ ಕಡಿಮೆ ತೂಗಲಿಲ್ಲ ಎಂದು ಮುಂದೆ ತಮ್ಮ ಬಾಲ್ಯದ ಬಗ್ಗೆ ಅವರೇ ಬರೆದುಕೊಂಡಿದ್ದಾರೆ. ತಕ್ಕಡಿಯ ಮುಂದೆ ಕುಳಿತವರಿಗೆ ಮಾತ್ರ ಇದು ಎಷ್ಟು ದೊಡ್ಡ ಮಾತು ಎಂಬುದು ಗೊತ್ತು.

ಹದಿನಾರನೆಯ ವಯಸ್ಸಿನಲ್ಲಿ ಮೂರೇ ದಿನಗಳಲ್ಲಿ ಅವರು ಮೋಕ್ಷಮಾಲಾ ಎಂಬ 108 ಪಾಠಗಳ ಪುಸ್ತಕ ಬರೆದರು. ಹಣದ ಬಗ್ಗೆ ಅವರ ನಿಲುವು ಅಷ್ಟು ಹೊತ್ತಿಗೇ ಗಟ್ಟಿಯಾಗಿತ್ತು ಎಂಬುದಕ್ಕೆ ಈ ಪುಸ್ತಕವೇ ಸಾಕ್ಷಿ. ಪರಿಗ್ರಹವನ್ನು ಕಡಿಮೆ ಮಾಡಿಕೊಳ್ಳುವ ಪಾಠದಲ್ಲಿ ಸುಭೂಮ ಚಕ್ರವರ್ತಿಯ ಕಥೆ ಬರುತ್ತದೆ. ಆರು ಖಂಡಗಳು ಕೈಯಲ್ಲಿದ್ದರೂ ಸಾಲದೆ ಇನ್ನೂ ಆರಕ್ಕೆ ಆಸೆಪಟ್ಟು ಸಮುದ್ರದಲ್ಲಿ ಮುಳುಗಿದ ದೊರೆಯ ಕಥೆ ಅದು. ಇನ್ನೊಂದು ಪಾಠ ತೃಷ್ಣೆಯ ವಿಚಿತ್ರವನ್ನು ಕುರಿತ ಪದ್ಯ. ಬಡವನಾಗಿದ್ದವನು ಊರ ಪಟೇಲನಾಗಲು ಬಯಸುತ್ತಾನೆ, ಪಟೇಲಿಕೆ ಸಿಕ್ಕಿದ ಮೇಲೆ ಶೇಟಾಗಲು ಬಯಸುತ್ತಾನೆ, ಹಾಗೇ ಆಸೆ ಮೇಲಕ್ಕೆ ಹೋಗುತ್ತಲೇ ಇರುತ್ತದೆ. ಇಷ್ಟು ಕೋಟಿ ಆದರೆ ಸಾಕು ಎಂದು ಬರೆದಿಟ್ಟ ಅಂಕಿ, ಅಷ್ಟು ಕೂಡಿದ ದಿನ ತಾನೇ ಎರಡರಷ್ಟಾಗುವುದನ್ನು ನೋಡಿದವರಿಗೆ ಈ ಪದ್ಯಕ್ಕೆ ಅರ್ಥ ಹೇಳಬೇಕಾಗಿಲ್ಲ.

ಅದೇ ಪುಸ್ತಕದಲ್ಲಿ ಸುಖದ ವಿಚಾರವಾಗಿ ಒಂದು ಉದ್ದದ ಕಥೆಯೂ ಇದೆ. ಬಡ ಬ್ರಾಹ್ಮಣನೊಬ್ಬ ದೇವರಿಂದ ವರ ಪಡೆಯುವ ಮೊದಲು, ಯಾರ ಹಾಗೆ ಸುಖಿಯಾಗಬೇಕು ಎಂದು ತಿಳಿಯಲು ಊರೂರು ತಿರುಗುತ್ತಾನೆ. ದ್ವಾರಕೆಯಲ್ಲಿ ಒಬ್ಬ ಶ್ರೀಮಂತ ಶ್ರಾವಕನನ್ನು ಕಂಡು, ಇವನಂತೆಯೇ ಆಗಬೇಕು ಎಂದುಕೊಳ್ಳುತ್ತಾನೆ. ಆ ಶ್ರೀಮಂತನೋ ತಾನು ಒಮ್ಮೆ ಎಲ್ಲವನ್ನೂ ಕಳೆದುಕೊಂಡದ್ದನ್ನು, ದೂರ ದೇಶಕ್ಕೆ ಹೋಗಿ ದುಡಿದು ಮತ್ತೆ ಮೇಲೆ ಬಂದದ್ದನ್ನು ವಿವರಿಸಿ, ನನ್ನ ಸ್ಥಿತಿಯನ್ನು ವರವಾಗಿ ಕೇಳಬೇಡ ಎಂದು ತಿಳಿಹೇಳುತ್ತಾನೆ. ಹದಿನಾರರ ಹುಡುಗ ಹೀಗೆ ಬರೆದದ್ದು ಹಣ ಕೆಟ್ಟದ್ದು ಎಂದು ಹೇಳುವುದಕ್ಕಲ್ಲ. ಆ ಶ್ರೀಮಂತ ನ್ಯಾಯವಾಗಿ ಗಳಿಸಿದವನು, ನಿಯಮದಿಂದ ಬದುಕುವವನು. ಆದರೂ ಹಣದ ಸುಖ ಎಲ್ಲಿಯವರೆಗೆ ಎಂಬುದು ಅವನಿಗೆ ಗೊತ್ತಿತ್ತು.

ಇಷ್ಟೆಲ್ಲ ತಿಳಿದವರು ನೇರವಾಗಿ ದೀಕ್ಷೆಗೆ ಹೋಗಲಿಲ್ಲ. ಶತಾವಧಾನದಿಂದ ಹೊಟ್ಟೆ ಹೊರೆಯುವ ದಾರಿಯೂ ಎದುರಿಗಿತ್ತು. 1887ರಲ್ಲಿ ಮುಂಬೈಯ ಫ್ರಾಮ್‌ಜಿ ಕಾವಸ್‌ಜಿ ಇನ್‌ಸ್ಟಿಟ್ಯೂಟಿನಲ್ಲಿ ನೂರು ವಿಷಯಗಳ ಅವಧಾನ ಮಾಡಿ ಚಿನ್ನದ ಪದಕ, ಸಾಕ್ಷಾತ್ ಸರಸ್ವತಿ ಎಂಬ ಬಿರುದು ಪಡೆದರು. ಮುಖ್ಯ ನ್ಯಾಯಾಧೀಶ ಸರ್ ಚಾರ್ಲ್ಸ್ ಸಾರ್ಜೆಂಟ್ ಅವರು ಯುರೋಪಿಗೆ ಬಂದು ಈ ಶಕ್ತಿಯನ್ನು ತೋರಿಸುವಂತೆ ಕರೆದರು. ರಾಜಚಂದ್ರರು ಒಪ್ಪಲಿಲ್ಲ. ಇಪ್ಪತ್ತರ ಹೊತ್ತಿಗೆ ಅವಧಾನ ಪ್ರದರ್ಶನವನ್ನೇ ನಿಲ್ಲಿಸಿದರು. ಜ್ಯೋತಿಷ್ಯ ಬಲ್ಲವರಾಗಿದ್ದರೂ ಮುಂದೆ ಅದನ್ನೂ ಬಿಟ್ಟರು. ಹೆಸರಿನಿಂದ ಬರುವ ಹಣ ಬೇಡವೆಂದು, ದುಡಿಮೆಯಿಂದ ಬರುವ ಹಣದ ಕಡೆಗೆ ಹೋದರು.

1888ರಲ್ಲಿ ಝಬಕಬಾಯಿಯವರೊಡನೆ ಮದುವೆಯಾಯಿತು. ಅವರು ಡಾ. ಪ್ರಾಣಜೀವನ ಮೆಹ್ತಾ ಅವರ ಅಣ್ಣನ ಮಗಳು. ಆ ಮನೆತನದ ರೇವಾಶಂಕರ ಜಗಜೀವನರ ಜೊತೆ ಮುಂಬೈಯಲ್ಲಿ ರತ್ನಪಡಿ ವ್ಯಾಪಾರದ ಪಾಲುದಾರಿಕೆ ಆರಂಭವಾಯಿತು. ಮುಂದೆ ಬೇರೆ ಪಾಲುದಾರರೂ ಸೇರಿದರು, ವಹಿವಾಟು ಲಕ್ಷಗಟ್ಟಲೆಗೆ ಬೆಳೆಯಿತು, ಹೊರದೇಶಗಳಿಗೂ ಮಾಲು ಹೋಗತೊಡಗಿತು.

1891ರ ಜುಲೈಯಲ್ಲಿ ಗಾಂಧೀಜಿ ಬ್ಯಾರಿಸ್ಟರ್ ಆಗಿ ಇಂಗ್ಲೆಂಡಿನಿಂದ ಇಳಿದಾಗ ಡಾ. ಮೆಹ್ತಾ ಅವರ ಮನೆಯಲ್ಲಿ ಈ ಯುವ ವ್ಯಾಪಾರಿಯ ಪರಿಚಯವಾಯಿತು. ತಮಗೆ ಬರುವ ಯುರೋಪಿನ ಭಾಷೆಗಳ ಶಬ್ದಗಳನ್ನೆಲ್ಲ ಗಾಂಧೀಜಿ ಹೇಳಿ ಮುಗಿಸಿದರೆ, ಅವರು ಅದೇ ಕ್ರಮದಲ್ಲಿ ತಿರುಗಿ ಒಪ್ಪಿಸಿದರು. ಗಾಂಧೀಜಿಗೆ ಅದಕ್ಕಿಂತ ಆಶ್ಚರ್ಯವಾದದ್ದು ಅವರ ಗದ್ದಿಗೆ. ಲಕ್ಷದ ವ್ಯವಹಾರದ ಮಾತು ಮುಗಿದ ಕೂಡಲೇ ಧರ್ಮಗ್ರಂಥವನ್ನೋ ತಮ್ಮ ಟಿಪ್ಪಣಿ ಪುಸ್ತಕವನ್ನೋ ತೆರೆಯುತ್ತಿದ್ದರು. ಮುತ್ತು ವಜ್ರಗಳ ಪರೀಕ್ಷೆಯಲ್ಲಿ ಮಾತ್ರ ಎತ್ತಿದ ಕೈ. ಉಡುಪು ಧೋತರ, ಅಂಗರಖಾ, ರುಮಾಲು, ಅದೂ ಇಸ್ತ್ರಿ ಇಲ್ಲದ್ದು. ತಟ್ಟೆಗೆ ಬಿದ್ದದ್ದೇ ಊಟ. ಗಳಿಕೆ ಏರಿದಾಗ ಖರ್ಚು ಅದರ ಬೆನ್ನಿಗೆ ಏರಲಿಲ್ಲ. ಹಣ ಉಳಿಸುವ ವಿದ್ಯೆಯಲ್ಲಿ ಇದಕ್ಕಿಂತ ದೊಡ್ಡ ಗುಟ್ಟು ಯಾವ ಮ್ಯೂಚುವಲ್ ಫಂಡಿನಲ್ಲೂ ಇಲ್ಲ.

ಅವರ ವ್ಯಾಪಾರದ ರೀತಿಯನ್ನು ತೋರಿಸಲು ಎರಡು ಪ್ರಸಂಗಗಳನ್ನು ಹೇಳುವುದುಂಟು. ಒಮ್ಮೆ ಅರಬ್ ಮುತ್ತಿನ ವ್ಯಾಪಾರಿಯೊಬ್ಬನ ತಮ್ಮ, ಅಣ್ಣನಿಗೆ ತಿಳಿಸದೆ, ದಲ್ಲಾಳಿಯ ಮೂಲಕ ಒಳ್ಳೆಯ ಮುತ್ತಿನ ಮಾಲನ್ನು ರಾಜಚಂದ್ರರಿಗೆ ಮಾರಿದ. ಮನೆಗೆ ಹೋದಾಗ ಅಣ್ಣ ಸಿಟ್ಟಾದ. ಹುಡುಗ ತಿರುಗಿ ಬಂದು ಗೋಳಾಡಿದಾಗ ಅವರು ಕೊಟ್ಟ ಹಣವನ್ನಷ್ಟೇ ತೆಗೆದುಕೊಂಡು ಮುತ್ತುಗಳನ್ನು ಹಾಗೆಯೇ ಮರಳಿಸಿದರು. ಬರಬೇಕಿದ್ದ ಲಾಭದ ಮಾತೇ ಎತ್ತಲಿಲ್ಲ.

ಇನ್ನೊಂದು, ಹೆಚ್ಚು ಪ್ರಸಿದ್ಧವಾದದ್ದು. ಒಬ್ಬ ವ್ಯಾಪಾರಿ ಗೊತ್ತಾದ ದಿನದೊಳಗೆ ಗೊತ್ತಾದ ದರಕ್ಕೆ ರತ್ನಗಳನ್ನು ಒದಗಿಸುವುದಾಗಿ ಕರಾರು ಬರೆದುಕೊಟ್ಟಿದ್ದ. ಅಷ್ಟರಲ್ಲಿ ಪೇಟೆಯ ದರ ವಿಪರೀತ ಏರಿತು. ಕರಾರಿನಂತೆ ಮಾಲು ಕೊಟ್ಟರೆ ಅವನು ಮನೆ ಮಾರಬೇಕು. ರಾಜಚಂದ್ರರು ತಾವಾಗಿಯೇ ಅವನ ಅಂಗಡಿಗೆ ಹೋಗಿ, ಕರಾರು ಪತ್ರವನ್ನು ತರಿಸಿಕೊಂಡು ಹರಿದುಹಾಕಿದರು. ತಮಗೆ ಹಾಲು ಕುಡಿದು ಗೊತ್ತು, ಇನ್ನೊಬ್ಬರ ರಕ್ತ ಕುಡಿದು ಗೊತ್ತಿಲ್ಲ ಎಂಬರ್ಥದ ಮಾತು ಹೇಳಿದರಂತೆ. ಕಾನೂನಿನ ಪ್ರಕಾರ ಆ ಲಾಭ ಅವರದೇ. ತನ್ನ ಪಾಲಿನ ಲಾಭಕ್ಕೆ ಮೊದಲೇ ಒಂದು ಗೆರೆ ಎಳೆದುಕೊಳ್ಳದವನ ಕೈ ಆ ಕಾಗದವನ್ನು ಹರಿಯಲು ಬರುವುದು ಕಷ್ಟ.

ಪರಿಗ್ರಹ ಪರಿಮಾಣ ಎಂಬ ಐದನೆಯ ಅಣುವ್ರತ ಇದನ್ನೇ ಹೇಳುವುದು. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಎಂದು ಒಂದೊಂದಕ್ಕೂ ಶ್ರಾವಕನು ಮುಂಚೆಯೇ ಮಿತಿ ಹಾಕಿಕೊಳ್ಳಬೇಕು. ಬಸದಿಯಲ್ಲಿ ಎಷ್ಟೋ ಸಲ ಕೇಳಿದ ಮಾತು, ಗಲ್ಲಾಪೆಟ್ಟಿಗೆಯ ಮುಂದೆ ನೆನಪಾಗುವುದು ಕಡಿಮೆ.

ಗಮನಿಸಬೇಕಾದ ಸಂಗತಿ ಮುಂದಿದೆ. ವ್ಯಾಪಾರ ಬಿಡುವ ಮನಸ್ಸು ಅವರಿಗೆ ಇಪ್ಪತ್ತೈದರ ಸುಮಾರಿಗೇ ಬಂದಿತ್ತು. ಆ ವರ್ಷಗಳ ಪತ್ರಗಳಲ್ಲಿ ಈ ಉಪಾಧಿ ಎಷ್ಟು ಭಾರವಾಗಿದೆ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಆದರೂ ಎದ್ದು ಹೋಗಲಿಲ್ಲ. ಪಾಲುದಾರರ ಬಂಡವಾಳ ಅವರ ಹೆಸರಿನ ಮೇಲೆ ನಿಂತಿತ್ತು. ತಂದೆ ತಾಯಿ, ಹೆಂಡತಿ, ನಾಲ್ಕು ಮಕ್ಕಳು ಇದ್ದರು. ಒಬ್ಬನ ವೈರಾಗ್ಯಕ್ಕೆ ಇನ್ನೊಬ್ಬರು ನಷ್ಟ ಕಟ್ಟಿಕೊಡುವಂತಾಗಬಾರದು. ಹಾಗಾಗಿ ಒಮ್ಮೆಲೇ ಕಡಿಯದೆ ಸ್ವಲ್ಪ ಸ್ವಲ್ಪವಾಗಿ ಬಿಡಿಸಿಕೊಂಡರು. ವರ್ಷದಲ್ಲಿ ಕೆಲವು ತಿಂಗಳು ಮುಂಬೈ ಬಿಟ್ಟು ಗುಜರಾತಿನ ಚರೋತರ ಪ್ರದೇಶದ ರಾಳಜ, ಕಾವಿಠಾ, ವಸೋ ಮುಂತಾದ ಹಳ್ಳಿಗಳಲ್ಲಿ ಸ್ವಾಧ್ಯಾಯದಲ್ಲಿ ಇರತೊಡಗಿದರು. 1896ರಲ್ಲಿ ನಡಿಯಾದಿನಲ್ಲಿ ಒಂದು ಸಂಜೆ, ಅಂಬಾಲಾಲಭಾಯಿ ಕಂದೀಲು ಹಿಡಿದು ನಿಂತಿದ್ದಾಗ, 142 ಪದ್ಯಗಳ ಆತ್ಮಸಿದ್ಧಿಯನ್ನು ಒಂದೇ ಕೂತಲ್ಲಿ ಬರೆದರು. ಆಗಲೂ ಅವರು ಮುಂಬೈಯ ಪಾಲುದಾರರೇ.

ಅವರ ಪರಮ ಆಪ್ತರಾದ ಸಾಯಲಾದ ಸೌಭಾಗ್ಯಭಾಯಿ ಹಣದ ಅಡಚಣೆಯಲ್ಲಿದ್ದರು. ಜ್ಞಾನಿಯ ಶಕ್ತಿಯಿಂದ ಅದು ನೀಗೀತು ಎಂಬ ಆಸೆ ಅವರಿಗಿತ್ತು. ಸಂಸಾರದ ಫಲಕ್ಕಾಗಿ ಜ್ಞಾನಿಯ ಬಳಿ ಬರಬಾರದು, ಬಂದದ್ದನ್ನು ಸಮಭಾವದಿಂದ ಅನುಭವಿಸಬೇಕು ಎಂದೇ ರಾಜಚಂದ್ರರು ಪತ್ರ ಬರೆದರು. ತಂದೆಯ ವಯಸ್ಸಿನ ಗೆಳೆಯನಿಗೆ ಹೀಗೆ ಬರೆಯುವುದು ಸುಲಭವಲ್ಲ. ದಿಢೀರ್ ಹಣದ ಉಪಾಯ ಮಾತ್ರ ಅವರು ಯಾರಿಗೂ ಹೇಳಿಕೊಡಲಿಲ್ಲ.

1899ರ ಹೊತ್ತಿಗೆ ವ್ಯಾಪಾರದಿಂದ ಪೂರ್ತಿ ನಿವೃತ್ತರಾದರು. ಆಗ ವಯಸ್ಸು ಮೂವತ್ತೆರಡರ ಆಸುಪಾಸು. ಈಡರಿನ ಬೆಟ್ಟದ ಮೇಲೆ ಮುನಿಗಳಿಗೆ ನೇಮಿಚಂದ್ರರ ದ್ರವ್ಯಸಂಗ್ರಹವನ್ನು ವಿವರಿಸಿದ್ದು ಇದೇ ಕಾಲದಲ್ಲಿ. ದೀಕ್ಷೆಗೆ ತಾಯಿಯ ಅಪ್ಪಣೆ ಕೇಳಿದರು. ಮಗನ ಮೇಲಿನ ಮಮತೆಯಿಂದ ತಾಯಿ ತಡೆದರು, ಅವರು ಕಾದರು. 1900ರಲ್ಲಿ ದಿಗಂಬರ ಶ್ವೇತಾಂಬರ ಭೇದವಿಲ್ಲದೆ ಪ್ರಾಚೀನ ಗ್ರಂಥಗಳನ್ನು ಅಚ್ಚು ಹಾಕಿಸಲು ಪರಮ ಶ್ರುತ ಪ್ರಭಾವಕ ಮಂಡಲವನ್ನು ಸ್ಥಾಪಿಸಿದರು.

ಅಷ್ಟರಲ್ಲಿ ದೇಹ ಕೈಕೊಟ್ಟಿತು. ಧರಮಪುರ, ಅಹಮದಾಬಾದ್, ವಢವಾಣ ಎಂದು ಹವೆ ಬದಲಾಯಿಸಿದರೂ ಗುಣವಾಗಲಿಲ್ಲ. ವರ್ಷಗಟ್ಟಲೆ ಕಾದು ಪಡೆದ ಬಿಡುವಿನಲ್ಲಿ ಹೆಚ್ಚು ಭಾಗ ಕಾಯಿಲೆಯಲ್ಲೇ ಹೋಯಿತು. ರಾಜಕೋಟೆಯಲ್ಲಿ ಕೊನೆಯ ದಿನಗಳಲ್ಲಿ ತಮ್ಮ ಮನಸುಖಭಾಯಿಯನ್ನು ಕರೆದು, ತಾಯಿ ದುಃಖಪಡದಂತೆ ನೋಡಿಕೊಳ್ಳಲು ಹೇಳಿ, ಆತ್ಮಸ್ವರೂಪದಲ್ಲಿ ಲೀನರಾದರು. ಅಂದು 1901ರ ಏಪ್ರಿಲ್ 9. ವಯಸ್ಸು ಮೂವತ್ಮೂರು.

ರೇವಾಶಂಕರರು ವ್ಯಾಪಾರ ಮುಂದುವರಿಸಿದರು. ಗಾಂಧೀಜಿ 1917ರಿಂದ 1934ರವರೆಗೆ ಮುಂಬೈಯಲ್ಲಿ ತಂಗುತ್ತಿದ್ದ ಮಣಿಭವನ ಅವರದೇ ಮನೆ. ಮಂಡಲದ ಕೆಲಸವೂ ನಿಲ್ಲಲಿಲ್ಲ. ಶ್ರವಣಬೆಳಗೊಳದಲ್ಲಿ ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರ ರಾಯಚಂದ್ರ ಜೈನ ಶಾಸ್ತ್ರಮಾಲೆಯಲ್ಲಿ ಹೊರಬಂತು. ಬೆಳಗಾವಿ ಜಿಲ್ಲೆಯ ಸದಲಗಾದ ಡಾ. ಆ. ನೇ. ಉಪಾಧ್ಯೆ ಅವರು ಸಂಪಾದಿಸಿದ ಕುಂದಕುಂದಾಚಾರ್ಯರ ಪ್ರವಚನಸಾರ 1935ರಲ್ಲಿ, ಪರಮಾತ್ಮಪ್ರಕಾಶ 1937ರಲ್ಲಿ ಇದೇ ಮಾಲೆಯಲ್ಲಿ ಪ್ರಕಟವಾದವು.