ತಕ್ಕಡಿ ಹಿಡಿದ ಅಳಿಯ

ವಿಜಯನಗರದ ರಾಮರಾಯ ಅರಸನ ಮಗನಲ್ಲ, ಕೃಷ್ಣದೇವರಾಯನ ಅಳಿಯ. ಆ ನಂಟೇ ಆತನ ಹೆಸರಿಗೆ ಶಾಶ್ವತವಾಗಿ ಅಂಟಿಕೊಂಡಿತು. 1542ರಲ್ಲಿ ಅಚ್ಯುತದೇವರಾಯ ತೀರಿಕೊಂಡ ಬಳಿಕ ನಡೆದ ಉತ್ತರಾಧಿಕಾರದ ಕಲಹದಲ್ಲಿ ಗೆದ್ದು, ಸದಾಶಿವರಾಯನನ್ನು ಸಿಂಹಾಸನದಲ್ಲಿ ಕುಳ್ಳಿರಿಸಿ, ಎರಡು ದಶಕಗಳಿಗೂ ಹೆಚ್ಚು ಕಾಲ ರಾಜ್ಯವನ್ನು ತಾನೇ ನಡೆಸಿದ. ಶಾಸನಗಳಲ್ಲಿ ಸದಾಶಿವನ ಹೆಸರು. ಆಡಳಿತದ ಸೂತ್ರ ಮಾತ್ರ ಅಳಿಯನ ಕೈಯಲ್ಲಿ.

ಆತನ ರಾಜನೀತಿಯಲ್ಲಿ ಭಾವುಕತೆಗೆ ಎಡೆಯಿರಲಿಲ್ಲ. ಉತ್ತರದ ಸುಲ್ತಾನರು ಒಂದಾದರೆ ವಿಜಯನಗರಕ್ಕೆ ಅಪಾಯ, ತಮ್ಮತಮ್ಮಲ್ಲೇ ಕಾದಾಡುತ್ತಿದ್ದರೆ ಕ್ಷೇಮ. ಹೀಗಾಗಿ ಒಮ್ಮೆ ಅಹಮದ್‌ನಗರದ ಪಕ್ಷ, ಇನ್ನೊಮ್ಮೆ ಬಿಜಾಪುರದ ಪಕ್ಷ. ಗೋಲ್ಕೊಂಡದಿಂದ ಓಡಿಬಂದ ಇಬ್ರಾಹಿಂ ಕುತುಬ್ ಶಾಹನಿಗೆ ಏಳು ವರ್ಷ ಆಶ್ರಯ ದೊರೆಯಿತು. 1547ರಲ್ಲಿ ಪೋರ್ಚುಗೀಸರೊಡನೆ ಒಪ್ಪಂದ ಮಾಡಿಕೊಂಡು, ಗೋವೆಯ ಕುದುರೆಗಳು ಬಿಜಾಪುರದ ಪಾಲಾಗದಂತೆ ಕಟ್ಟುಮಾಡಿದ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಈ ಜಾಣ್ಮೆಯ ಬಗ್ಗೆ ಇಂದಿಗೂ ಮೆಚ್ಚುಗೆಯಿದೆ. ಶತ್ರುವಿನ ಅಶ್ವದಳವನ್ನು ರಣರಂಗದಲ್ಲಿ ಎದುರಿಸುವುದಕ್ಕಿಂತ ಬಂದರಿನಲ್ಲೇ ತಡೆಯುವುದು ಅಗ್ಗ.

ಆದರೆ ತಕ್ಕಡಿ ಹಿಡಿದವನ ಕೈಯೇ ದಿನೇದಿನೇ ಭಾರವಾಗುತ್ತಿತ್ತು. 1558ರ ಸುಮಾರಿಗೆ ಬಿಜಾಪುರ, ಗೋಲ್ಕೊಂಡಗಳೊಡನೆ ಸೇರಿ ಅಹಮದ್‌ನಗರದ ಹುಸೇನ್ ನಿಜಾಂ ಶಾಹನನ್ನು ಮಣಿಸಿದ. ನೆರವು ಬೇಡಿದ ಮಿತ್ರರಿಂದಲೂ ಕಾಲಕ್ರಮದಲ್ಲಿ ಕೋಟೆ, ಸೀಮೆಗಳನ್ನು ಬೆಲೆಯಾಗಿ ವಸೂಲು ಮಾಡಿದ. ಗೆದ್ದವರಿಗೂ ಸೋತವರಿಗೂ ಆತನೊಬ್ಬನೇ ಸಮಾನ ಭಯವಾದ. ಇದನ್ನು ಬರಿಯ ಧರ್ಮಯುದ್ಧವೆಂದು ಬಣ್ಣಿಸುವವರು, ವಿಜಯನಗರದ ಸೇನೆಯಲ್ಲಿ ಮುಸಲ್ಮಾನ ದಳಪತಿಗಳೂ ಇದ್ದರೆಂಬುದನ್ನು ಮರೆಯುತ್ತಾರೆ. ರಾಮರಾಯನ ಸುತ್ತಲಿನ ಆಯಕಟ್ಟಿನ ಸ್ಥಾನಗಳಲ್ಲೆಲ್ಲ ಸೋದರರು, ಬಂಧುಗಳು. ಬೇಡವೆಂದು ಹೇಳಬಲ್ಲವರು ಯಾರಿದ್ದರು? ಸರ್ಕಾರಿ ಕಡತಗಳ ನಡುವೆ ಆಯುಷ್ಯ ಸವೆಸಿದ ನನಗೆ ಇಂಥ ಮೌನ ಅಪರಿಚಿತವೇನಲ್ಲ.

ಹುಸೇನನ ಮಗಳು ಚಾಂದ್ ಬೀಬಿ ಬಿಜಾಪುರದ ಅಲಿ ಆದಿಲ್ ಶಾಹನ ಕೈಹಿಡಿದಳು. ಸೊಲ್ಲಾಪುರ ಬಳುವಳಿಯಾಗಿ ಬಂತು. ಆ ಕೋಟೆಗಾಗಿ ವರ್ಷಗಟ್ಟಲೆ ಬಡಿದಾಡಿದ್ದ ಎರಡು ಮನೆತನಗಳು ಬೀಗರಾದವು. ರಾಮರಾಯನ ಬಹುಕಾಲದ ಲೆಕ್ಕಾಚಾರ ಆ ಮದುವೆಯ ಚಪ್ಪರದಲ್ಲೇ ತಲೆಕೆಳಗಾಯಿತು.

1565ರ ಜನವರಿ 23ರಂದು ಕೃಷ್ಣಾತೀರದ ಕಾಳಗದಲ್ಲಿ, ಇಳಿವಯಸ್ಸಿನಲ್ಲೂ ತಾನೇ ದಂಡು ನಡೆಸುತ್ತಿದ್ದ ರಾಮರಾಯ ಸೆರೆಸಿಕ್ಕ. ಹುಸೇನನ ಆಜ್ಞೆಯಂತೆ ಅಲ್ಲಿಯೇ ಶಿರಚ್ಛೇದವಾಯಿತು. ತಮ್ಮ ತಿರುಮಲ ರಾಜಧಾನಿಗೆ ಮರಳಿದವನು ಅದರ ರಕ್ಷಣೆಗೆ ನಿಲ್ಲಲಿಲ್ಲ; ಭಂಡಾರವನ್ನು ಆನೆಗಳ ಮೇಲೆ ಹೇರಿಸಿ, ಸದಾಶಿವರಾಯನನ್ನೂ ಜೊತೆಗೆ ಕರೆದುಕೊಂಡು ಪೆನುಕೊಂಡೆಯ ದಾರಿ ಹಿಡಿದ.