ಬೀಗ ಗಟ್ಟಿಯಿದ್ದರೆ ಸಾಲದು

ಕಳೆದ ರಜೆಯಲ್ಲಿ ಬಾಳೆಹೊಸೂರಿಗೆ ಬಂದಾಗ, ಪರಿಚಯದವರ ಕಚೇರಿಯಲ್ಲಿ ಹೊಸ ಪ್ರಿಂಟರ್ ಜೋಡಿಸಿಕೊಟ್ಟೆ. ರೈತರ ಉತಾರ, ಆಧಾರ್ ಪ್ರತಿಗಳು ಕಂಪ್ಯೂಟರಿನಿಂದ ಪ್ರಿಂಟರಿಗೆ ಹೋಗುವಾಗ ನಡುವೆ ಯಾರೂ ಓದಬಾರದೆಂದು ಐಪಿಪಿಎಸ್ ಎಂಬ ಎನ್‌ಕ್ರಿಪ್ಟೆಡ್ ಸಂಪರ್ಕವನ್ನೇ ಆರಿಸಿದೆ. ಪ್ರಿಂಟರಿನ ಪ್ರಮಾಣಪತ್ರವನ್ನು ನಂಬಲಾಗದೆಂಬ ಎಚ್ಚರಿಕೆ ಪರದೆಯ ಮೇಲೆ ಬಂತು. ಅವಸರದಲ್ಲಿ ಓದದೆಯೇ ಮುಂದುವರಿಸಿದೆ. ಕಂಪನಿ ಕೊಟ್ಟ ಪಾಸ್‌ವರ್ಡನ್ನೂ ಬದಲಿಸಲಿಲ್ಲ. ಆ ರಾತ್ರಿ ಅಲನ್ ಟ್ಯೂರಿಂಗ್ ಅವರ ಬದುಕನ್ನು ಓದುವಾಗ ನನ್ನ ತಪ್ಪು ಅರಿವಾಯಿತು.

ಟ್ಯೂರಿಂಗ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ತಂದೆ ಜೂಲಿಯಸ್ ಮದ್ರಾಸ್ ಪ್ರಾಂತ್ಯದ ಐಸಿಎಸ್ ಅಧಿಕಾರಿ; ನಮ್ಮ ಪಕ್ಕದ ಬಳ್ಳಾರಿಯಲ್ಲೂ ಕೆಲಸ ಮಾಡಿದವರು. ಹೆತ್ತವರು ಭಾರತದಲ್ಲಿದ್ದರೆ, ಮಗ ಇಂಗ್ಲೆಂಡಿನಲ್ಲಿ ಬೇರೆಯವರ ಮನೆಯಲ್ಲಿ ಬೆಳೆದ. ಶಾಲೆಯ ಪ್ರಾಣಸ್ನೇಹಿತ ಕ್ರಿಸ್ಟೋಫರ್ ಮಾರ್ಕಂ 1930ರಲ್ಲಿ ತೀರಿಕೊಂಡ. ಆ ದುಃಖವನ್ನು ನುಂಗಿಕೊಂಡೇ ಕೇಂಬ್ರಿಜ್ ಸೇರಿದ ಟ್ಯೂರಿಂಗ್, 1936ರಲ್ಲಿ ಇಂದಿನ ಕಂಪ್ಯೂಟರಿಗೆ ತಳಹದಿಯಾದ ಪ್ರಬಂಧ ಬರೆದರು. ಆಗ ಅವರಿಗೆ ಬರೀ 23 ವರ್ಷ.

1939ರಲ್ಲಿ ಯುದ್ಧ ಶುರುವಾದಾಗ ಬ್ಲೆಚ್ಲಿ ಪಾರ್ಕಿಗೆ ಹೋದರು. ಜರ್ಮನರ ಎನಿಗ್ಮಾ ಯಂತ್ರದ ಗುಪ್ತಸಂದೇಶಗಳನ್ನು ಬಿಡಿಸುವುದು ಅಲ್ಲಿನ ಕೆಲಸ. ಪೋಲೆಂಡಿನ ಗಣಿತಜ್ಞರು ಮೊದಲೇ ದಾರಿ ತೋರಿದ್ದರು. ಎನಿಗ್ಮಾದ ಜೋಡಣೆಗಳನ್ನು ಒಂದೊಂದಾಗಿ ಪರೀಕ್ಷಿಸಲು ಮನುಷ್ಯನ ಆಯುಷ್ಯ ಸಾಲದು. ಆದರೆ ಅದರಲ್ಲಿ ಯಾವ ಅಕ್ಷರವೂ ಅದೇ ಅಕ್ಷರವಾಗಿ ಹೊರಬರುತ್ತಿರಲಿಲ್ಲ. ಜೊತೆಗೆ ಜರ್ಮನ್ ಸಿಬ್ಬಂದಿ ಹವಾಮಾನದಂಥ ವರದಿಗಳಲ್ಲಿ ಅವೇ ಪದಗಳನ್ನು ಮತ್ತೆ ಮತ್ತೆ ಬಳಸುತ್ತಿದ್ದರು. ಈ ಎರಡನ್ನೂ ಹಿಡಿದು ಟ್ಯೂರಿಂಗ್ ರೂಪಿಸಿದ ಬಾಂಬ್ ಎಂಬ ಯಂತ್ರ 1940ರಲ್ಲಿ ಕೆಲಸ ಆರಂಭಿಸಿತು. ಬೀಗ ಗಟ್ಟಿಯಾಗಿಯೇ ಇತ್ತು. ಅದನ್ನು ಸಡಿಲಗೊಳಿಸಿದ್ದರಲ್ಲಿ ಬಳಸುವವರ ರೂಢಿಯ ಪಾಲೂ ಇತ್ತು.

ಅಷ್ಟು ದೊಡ್ಡ ಸೇವೆ ಮಾಡಿದವರನ್ನು 1952ರಲ್ಲಿ ಸಲಿಂಗ ಸಂಬಂಧದ ಕಾರಣಕ್ಕೆ ಅವರದೇ ದೇಶ ಅಪರಾಧಿಯೆಂದಿತು. ರಹಸ್ಯ ಕೆಲಸದ ಬಾಗಿಲೂ ಮುಚ್ಚಿತು. 1954ರ ಜೂನ್ 7ರಂದು, 41ನೇ ವಯಸ್ಸಿನಲ್ಲಿ, ಸಯನೈಡ್‌ನಿಂದ ಸತ್ತರು. ರಾಜಕ್ಷಮೆ ಸಿಕ್ಕಿದ್ದು 2013ರಲ್ಲಿ.

ಮರುದಿನ ಬೆಳಿಗ್ಗೆಯೇ ಆ ಕಚೇರಿಗೆ ಹೋದೆ. ಹಿಂದಿನ ದಿನ ಬೀಗ ಹಾಕಿದ್ದೆನೇ ಹೊರತು, ಆಚೆ ತುದಿಯಲ್ಲಿರುವುದು ನಮ್ಮ ಪ್ರಿಂಟರೇ ಎಂದು ಖಾತ್ರಿ ಮಾಡಿಕೊಂಡಿರಲಿಲ್ಲ. ಪ್ರಿಂಟರನ್ನು ಕೇಬಲ್‌ನಿಂದ ನೇರವಾಗಿ ಲ್ಯಾಪ್‌ಟಾಪಿಗೆ ಜೋಡಿಸಿ, ಅದರ ಪ್ರಮಾಣಪತ್ರ ಪಡೆದು, ಕಚೇರಿಯ ಕಂಪ್ಯೂಟರಿನ ನಂಬಿಕೆಯ ಪಟ್ಟಿಗೆ ಸೇರಿಸಿದೆ. ಪಾಸ್‌ವರ್ಡ್ ಬದಲಿಸಿದೆ. ಹಿಡಿದದ್ದು ಅರ್ಧ ಗಂಟೆ. ನಾಳೆ ಕೆಲಸಕ್ಕೆ ಸೇರುವ ನಮ್ಮ ಕೈಗೆ ಇನ್ನೆಷ್ಟೋ ಜನರ ಕಾಗದಪತ್ರ ಬರುತ್ತವೆ. ಪರದೆಯ ಮೇಲಿನ ಎಚ್ಚರಿಕೆಯನ್ನು ಓದುವ ರೂಢಿಯನ್ನು ಈಗಲೇ ಮಾಡಿಕೊಳ್ಳೋಣ.