ಸುಬ್ಬರಾವ್ ಮಾತ್ರೆ ನುಂಗಿದ್ದೀವಿ, ಹೆಸರು ಕೇಳಿಲ್ಲ

ಬೀದರ್ ಜಿಲ್ಲೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆಗೆ ಬಂದು, ಎದುರಲ್ಲೇ ನುಂಗಿಸುವ ಆನೆಕಾಲು ರೋಗದ ಡಿಇಸಿ ಮಾತ್ರೆ ಗೊತ್ತಲ್ಲ? ಭಾಲ್ಕಿ, ಔರಾದ್‌ನ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಕೊಡುವ ಫೋಲಿಕ್ ಆಸಿಡ್? ಎರಡೂ ತಯಾರಾದದ್ದು ಒಂದೇ ಲ್ಯಾಬಿನಲ್ಲಿ. ಅದರ ಸಂಶೋಧನೆಯ ಮುಖ್ಯಸ್ಥ ನಮ್ಮ ಪಕ್ಕದ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್.

ಹುಟ್ಟಿದ್ದು 1895ರಲ್ಲಿ, ಭೀಮವರಂನಲ್ಲಿ. ತಿಂದದ್ದು ಮೈಗೆ ಹತ್ತದ ಸ್ಪ್ರೂ ಎಂಬ ಕಾಯಿಲೆ ಅವರ ಸಹೋದರನ ಜೀವ ತೆಗೆಯಿತು. ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದ ಹುಡುಗ ಗಾಂಧಿ ಕರೆ ಕೇಳಿ ಖಾದಿ ತೊಟ್ಟ. ಬ್ರಿಟಿಷ್ ಪ್ರೊಫೆಸರ್‌ಗೆ ಅದು ಸರಿಬರಲಿಲ್ಲ. ಎಂಬಿಬಿಎಸ್ ಬದಲು ಎಲ್‌ಎಂಎಸ್ ಎಂಬ ಕೆಳದರ್ಜೆಯ ಸರ್ಟಿಫಿಕೇಟ್ ಕೊಟ್ಟು ಕಳಿಸಿದರು. ವಿದ್ಯಾರ್ಥಿಗಳಿಗೆ ರಾಜಕೀಯ ಯಾಕೆ ಅಂತ ಇವತ್ತು ಕೇಳುವವರು ಆಗಲೂ ಇದ್ದರು, ಅಷ್ಟೇ.

1922ರಲ್ಲಿ ಹಾರ್ವರ್ಡ್‌ಗೆ ಹೋದರು. ಖರ್ಚಿಗೆ ರಾತ್ರಿ ಹೊತ್ತು ಆಸ್ಪತ್ರೆಯಲ್ಲಿ ಬೆಡ್‌ಪ್ಯಾನ್ ತೊಳೆಯುವ ಕೆಲಸ. ಸೈರಸ್ ಫಿಸ್ಕೆ ಜೊತೆ 1925ರಲ್ಲಿ ಫಾಸ್ಫರಸ್ ಅಳೆಯುವ ವಿಧಾನ ಪ್ರಕಟಿಸಿದರು. ದ್ರಾವಣ ಎಷ್ಟು ಗಾಢ ನೀಲಿಯೋ ಅಷ್ಟು ಫಾಸ್ಫರಸ್. ಬಯೋಕೆಮಿಸ್ಟ್ರಿ ಓದುವವರಿಗೆ ಫಿಸ್ಕೆ–ಸುಬ್ಬರಾವ್ ವಿಧಾನ ಇವತ್ತಿಗೂ ಪರಿಚಿತ.

ಇದು ಬರೀ ಅಳತೆಯಾಗಿ ಉಳಿದಿದ್ದರೆ ಕತೆ ಅಲ್ಲಿಗೇ ಮುಗೀತಿತ್ತು. ಅವರು ಅದನ್ನು ಹಿಡಿದು ಸ್ನಾಯುವಿನೊಳಗೆ ಹೋದರು. ಸ್ನಾಯು ದುಡಿಯುವಾಗ ಕರಗುವ, ಸುಧಾರಿಸಿಕೊಂಡಾಗ ಮತ್ತೆ ತುಂಬಿಕೊಳ್ಳುವ ವಸ್ತುವೊಂದು ಸಿಕ್ಕಿತು: ಫಾಸ್ಫೋಕ್ರಿಯಾಟಿನ್, 1927. ಸ್ನಾಯುವಿನ ಶಕ್ತಿಗೆ ಲ್ಯಾಕ್ಟಿಕ್ ಆಸಿಡ್ಡೇ ಮೂಲ ಅಂತ ನಂಬಿದ್ದ ಕಾಲ ಅದು. ಆ ಕೆಲಸಕ್ಕೆ ನೊಬೆಲ್ ಕೂಡ ಸಂದಿತ್ತು! 1929ರಲ್ಲಿ ಎಟಿಪಿ ಸಿಕ್ಕಿತು. ಜರ್ಮನಿಯ ಲೋಮನ್‌ಗೂ ಅದೇ ವರ್ಷ ಸ್ವತಂತ್ರವಾಗಿ ಸಿಕ್ಕಿತ್ತು. ಅಳತೆ ಕೆಮಿಸ್ಟ್ರಿಯದು, ಪ್ರಶ್ನೆ ಫಿಸಿಯಾಲಜಿಯದು, ಉತ್ತರ ಇದ್ದದ್ದು ಜೀವಕೋಶದಲ್ಲಿ.

ಬೀದರ್‌ನ ನಂದಿನಗರದ ಪಶುವೈದ್ಯ ಕಾಲೇಜಿನಲ್ಲಿ ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಒಂದೇ ವಿಭಾಗ. ಸರಿಯೇ. ಮೇವು ಹಾಲಾಗುವ ಕತೆಯನ್ನು ಎರಡು ತುಂಡು ಮಾಡಿ ಹೇಗೆ ಹೇಳ್ತೀರಿ? (ಎಂಜಿನಿಯರಿಂಗ್‌ನಲ್ಲಿ ನಮಗೆ ಸಬ್ಜೆಕ್ಟಿಗೊಂದು ಗೈಡ್ ಇತ್ತು, ಒಂದರ ಸುದ್ದಿ ಇನ್ನೊಂದಕ್ಕಿರಲಿಲ್ಲ.)

ಇಷ್ಟಾದರೂ ಹಾರ್ವರ್ಡ್ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ಲೆಡರ್ಲೆ ಎಂಬ ಔಷಧ ಕಂಪನಿ ಸೇರಿದರು. ಅಲ್ಲಿ ಅವರ ತಂಡ ತಯಾರಿಸಿದ ಫೋಲಿಕ್ ಆಸಿಡ್, ಸಹೋದರನನ್ನು ಕೊಂದ ಸ್ಪ್ರೂಗೇ ಮದ್ದಾಯಿತು. ಜೀವಕೋಶಕ್ಕೆ ಫೋಲಿಕ್ ಆಸಿಡ್ ದಕ್ಕದಂತೆ ಮಾಡುವ ವಸ್ತುಗಳನ್ನೂ ಅದೇ ತಂಡ ತಯಾರಿಸಿತು. ಬಾಸ್ಟನ್‌ನಲ್ಲಿ ಸಿಡ್ನಿ ಫಾರ್ಬರ್ ಅದನ್ನು ರಕ್ತ ಕ್ಯಾನ್ಸರ್‌ನ ಮಕ್ಕಳಿಗೆ ಕೊಟ್ಟು ನೋಡಿದರು, ಕೆಲವರಲ್ಲಿ ರೋಗ ತಾತ್ಕಾಲಿಕವಾಗಿ ಹಿಂದೆ ಸರಿಯಿತು. ಕಿಮೋಥೆರಪಿಯ ಶುರುವಾತುಗಳಲ್ಲಿ ಅದೊಂದು. ಡಿಇಸಿ ಬಂದದ್ದು 1947ರಲ್ಲಿ. ಮೊದಲ ಟೆಟ್ರಾಸೈಕ್ಲಿನ್ ಆದ ಆರಿಯೋಮೈಸಿನ್ 1948ರಲ್ಲಿ.

ಅದೇ 1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿಗೆ, ತೀರಿಕೊಂಡರು. 1922ರಲ್ಲಿ ಬಿಟ್ಟುಹೋದ ಪತ್ನಿ ಶೇಷಗಿರಿಯನ್ನು ಮತ್ತೆ ನೋಡಲೇ ಇಲ್ಲ. ವಿಜ್ಞಾನಿಯ ತ್ಯಾಗದ ಕತೆ ಹೇಳುವವರು ಆಕೆಯ 26 ವರ್ಷವನ್ನು ಲೆಕ್ಕಕ್ಕೇ ಹಿಡಿಯಲ್ಲ. ಭಾರತ ಅವರ ಅಂಚೆಚೀಟಿ ತಂದದ್ದು 1995ರಲ್ಲಿ.